ಹದಿನಾಲ್ಕು ದೋಣಿಗಳು ಹೇಳಿದ ಒಂದೇ ಜಾಗ

ಹ್ವಾನ್ ಫೆರ್ನಾಂದೆಸ್ ದ್ವೀಪ
ಮೇ ೧೧, ೨೦೧೬

ಪ್ರೀತಿಯ ಮಗಳು ಮಿರೆಯಾಗೆ,

ಈ ಸಾಗರದ ಗಾಳಿಗೆ ಬೀಸುವುದನ್ನು ಕಲಿಸಿದವನು ನಾನೇ ಎಂಬುದು ನಿನಗೆ ಗೊತ್ತೇ ಇದೆ. ಅದಕ್ಕೂ ಮೊದಲು ಅದು ದಿಕ್ಕೆಟ್ಟು ಬಂಡೆಗೆ ತಲೆ ಚಚ್ಚಿಕೊಳ್ಳುತ್ತಾ ಬಿದ್ದಿತ್ತು. "ನೋಡಪ್ಪ, ಇದು ಉತ್ತರ, ಇದು ದಕ್ಷಿಣ" ಎಂದು ಕೈಹಿಡಿದು ತಿದ್ದಿಸಿದವನು ಈ ನಿನ್ನ ಚಿಕ್ಕಪ್ಪ ಎಲೆಯೊಡೊರೊ. ನಾಲ್ಕನೆಯ ಕ್ಲಾಸಿಗೇ ನಾನು ಶಾಲೆ ಬಿಟ್ಟಾಗ ಮೇಷ್ಟರು ಅತ್ತದ್ದು ಸಂತೋಷಕ್ಕೆ ಎಂದು ನಿನ್ನ ಚಿಕ್ಕಮ್ಮ ಹೇಳುತ್ತಾಳೆ, ನಂಬಬೇಡ.

ಅಂಥ ನನಗೆ ಮೊನ್ನೆ ಆ ಶಿಷ್ಯ ಗಾಳಿಯೇ ತಿರುಗಿಬಿತ್ತು.

ಮೊದಲು ಎರಡು ದಿನ ಉತ್ತರ ಗಾಳಿ ಬೀಸಿತು. ಅದರಲ್ಲಿ ಹೊಸದೇನೂ ಇಲ್ಲ. ದೋಣಿಗಳನ್ನೆಲ್ಲ ಮೇಲಕ್ಕೆ ಎಳೆದೆವು. ಬಂದರಿನ ಅಧಿಕಾರಿ ಸಾರ್ಜೆಂಟ್ ಕೆಸಾದಾ ರೇವು ಮುಚ್ಚಿ ಕೆಂಪು ಬಾವುಟ ಹಾರಿಸಿದ. ನಿನ್ನ ಚಿಕ್ಕಮ್ಮ ಉಬೆರ್ಲಿಂದಾ ಕುಂಬಳಕಾಯಿ ಕಲಸಿ ಸೊಪೈಪಿಯ ಕರಿದಳು, ನಾನು ಕೂತು ತಿಂದೆ. ಉತ್ತರ ಬಂದರೆ ದೋಣಿ ಎಳಿ, ಉತ್ತರ ಸತ್ತರೆ ದೋಣಿ ಇಳಿಸು. ನಮ್ಮಜ್ಜನ ಕಾಲದಿಂದ ಇದೇ ಕಾನೂನು. ಉತ್ತರ ಸತ್ತ ಮೇಲೆ ತಣ್ಣನೆ ದಕ್ಷಿಣ ಬರುತ್ತದೆ, ಬಟ್ಟೆ ಒಣಗಿಸುತ್ತದೆ, ಮುಗಿಯಿತು.

ಮೂರನೆಯ ಬೆಳಿಗ್ಗೆ ಉತ್ತರ ಸತ್ತಿತು. ದೀಪ ಆರಿಸಿದ ಹಾಗೆ ಒಮ್ಮೆಲೇ. ಋತು ಮುಗಿಯಲು ಒಂದು ವಾರವೂ ಇಲ್ಲ, ಬೋನುಗಳ ತುಂಬ ಲಾಬ್ಸ್ಟರ್ ಕೂತಿವೆ. ಸಾರ್ಜೆಂಟ್ ತನ್ನ ಮನೆಯ ಸೂರಿಗೆ ತಗಡು ಹೊಡೆಯುತ್ತಿದ್ದ, ಬಾವುಟ ಇಳಿಸಲು ಅವನಿಗೆ ಪುರುಸೊತ್ತಿಲ್ಲ. ಪಕ್ಕದ ದೋಣಿಯ ಬೆಲಿಸಾರಿಯೊ ಗಡ್ಡ ಕೆರೆದುಕೊಂಡು ನಿಂತಿದ್ದ.

"ಬಾವುಟ ಇನ್ನೂ ಮೇಲಿದೆ ಕಣೋ."

"ಬಾವುಟ ಸಾರ್ಜೆಂಟ್‌ದು, ಗಾಳಿ ನಂದು. ಬರ್ತೀಯೋ, ಇಲ್ಲಾ ಕೋಳಿ ಜೊತೆ ಗೂಡಲ್ಲಿ ಕೂತು ಮೊಟ್ಟೆ ಇಡ್ತೀಯೋ?"

ಬಂದ. ಅವನ ಹಿಂದೆ ಉಳಿದವರೂ ಬಂದರು. ಒಟ್ಟು ಹದಿನಾಲ್ಕು ದೋಣಿ.

ಮಗಳೇ, ಸಮುದ್ರದಲ್ಲಿ ನನ್ನ ಹಣೆಬರಹಕ್ಕೆ ಏನೇನೋ ನೋಡಿದ್ದೇನೆ. ಇದನ್ನು ನೋಡಿರಲಿಲ್ಲ. ಉತ್ತರ ಸತ್ತ ಮೇಲೆ ಚಳಿ ಬರಬೇಕು ತಾನೆ? ಸೆಕೆ ಬಂತು. ಬೇಕರಿಯವನು ಒಲೆಯ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುತ್ತದಲ್ಲ, ಹಾಗೆ. ಸುತ್ತಲೂ ಮೋಡ ಬಾವಿಯ ಕಟ್ಟೆಯಂತೆ ದುಂಡಗೆ ಎದ್ದು ನಿಂತಿತ್ತು. ನಾನು ಬಾವಿಯೊಳಗಿನ ಕಪ್ಪೆ. ಮೇಲೆ ತಟ್ಟೆಯಷ್ಟು ನೀಲಿ. ಒಂದು ಉಸಿರು ಗಾಳಿ ಇಲ್ಲ, ಆದರೂ ನೀರು ಗುಡ್ಡೆಗುಡ್ಡೆಯಾಗಿ ಎದ್ದು ಎದ್ದು ಬೀಳುತ್ತಿತ್ತು, ಯಾವ ಕಡೆಗೂ ಹೋಗದೆ. ಆಮೇಲೆ ಹಕ್ಕಿಗಳು. ನಮ್ಮವಲ್ಲ, ಯಾವ ದೇಶದವೋ. ನೂರಾರು ಬಂದು ದೋಣಿಯಲ್ಲಿ ಕೂತವು. ನನ್ನ ಮೊಣಕಾಲ ಮೇಲೂ ಕೂತವು. ಕೈಯಿಂದ ತಳ್ಳಿದರೂ ಏಳಲಿಲ್ಲ, ಕಣ್ಣು ಮುಚ್ಚಿಕೊಂಡವು.

ರೇಡಿಯೊದಲ್ಲಿ ಬೆಲಿಸಾರಿಯೊನ ದನಿ ಕೇಳಿತು. "ಎಲೆಯೊಡೊರೊ, ಏನಯ್ಯಾ ಇದು?"

"ನಾನೇ ಹೇಳಿ ಮಾಡಿಸಿದ್ದು. ಚೆನ್ನಾಗಿದೆಯಾ?" ಎಂದೆ.

ಆಗ ದಕ್ಷಿಣ ಬಂತು. ಬಟ್ಟೆ ಒಣಗಿಸುವ ನಮ್ಮ ದಕ್ಷಿಣವಲ್ಲ. ಗೋಡೆ ಬಂತು. ಒಂದೇ ಬಡಿತಕ್ಕೆ ಹಕ್ಕಿಗಳೂ ಇಲ್ಲ, ನೀಲಿಯೂ ಇಲ್ಲ, ನನ್ನ ದೋಣಿ ಕಾರ್ಮೆಲಾಳ ಮೂತಿಯೂ ನನಗೆ ಕಾಣಲಿಲ್ಲ. ನಾನು ಹೆದರಿದೆನೇ? ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಬೆಲಿಸಾರಿಯೊನ ದೋಣಿಯನ್ನು ಕರುವಿನಂತೆ ಎಳೆದುಕೊಂಡು ಮನೆಗೆ ಬಂದೆ. ದೇವರ ದಯೆ, ಹದಿನಾಲ್ಕು ದೋಣಿಯವರೂ ಜೀವಂತ. ನನಗಾದ ನಷ್ಟ ಒಂದು ಟೋಪಿ, ಎರಡು ಹಳೆಯ ಬೋನು.

ಫೋನಿನ ಕಂಬ ಮಲಗಿದೆ, ಆದ್ದರಿಂದ ಈ ಕಾಗದ ವಿಮಾನದಲ್ಲಿ ಬರುತ್ತದೆ. ನೀನು ವಾಲ್ಪರೈಸೊದಲ್ಲಿ ಹವಾಮಾನ ಕಚೇರಿಯವಳಾಗಿ ಕೂತಿದ್ದೀಯಲ್ಲ, ಒಂದು ಮಾತು ಕೇಳಿ ಹೇಳು. ಅದು ಏನು? ಅದರ ಹೆಸರೇನು?

ನಿನ್ನ ಚಿಕ್ಕಪ್ಪ
ಎಲೆಯೊಡೊರೊ

•

ವಾಲ್ಪರೈಸೊ
ಮೇ ೧೯, ೨೦೧೬

ಪ್ರೀತಿಯ ಚಿಕ್ಕಪ್ಪ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ಆ ಬಿರುಗಾಳಿಯ ಹೊಟ್ಟೆಯೊಳಗಿದ್ದೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿಗೆ ಬಂದ ಸುದ್ದಿಯಲ್ಲಿ "ಕೆಲವು ದೋಣಿಗಳಿಗೆ ಹಾನಿ" ಎಂದಷ್ಟೇ ಇತ್ತು.

ಅದು ಏನು ಎಂದು ಕೇಳಿದ್ದೀಯ. ಅದೇ ಈಗ ಇಲ್ಲಿನ ಜಗಳ. ನಮ್ಮ ಚಳಿಗಾಲದ ಮಾಮೂಲಿ ಬಿರುಗಾಳಿ ಹುಟ್ಟುವುದು ತಣ್ಣನೆ ಗಾಳಿಯೂ ಬೆಚ್ಚನೆ ಗಾಳಿಯೂ ಹೊಡೆದಾಡಿಕೊಂಡಾಗ. ಉಷ್ಣವಲಯದ ಚಂಡಮಾರುತ ಬೇರೆ ಜಾತಿ. ಅದು ಬಿಸಿ ಸಮುದ್ರದ ಹಾಲು ಕುಡಿದು ಬೆಳೆಯುತ್ತದೆ, ನಡುವೆ ಗಾಳಿಯೇ ಇಲ್ಲದ ಕಣ್ಣಿರುತ್ತದೆ. ಇವೆರಡರ ನಡುವೆ ಇನ್ನೊಂದಿದೆ, ಉಪೋಷ್ಣವಲಯದ್ದು. ತಲೆ ತಣ್ಣಗೆ, ಹೊಟ್ಟೆ ಬೆಚ್ಚಗೆ. ಕತ್ತೆಯೂ ಅಲ್ಲ, ಕುದುರೆಯೂ ಅಲ್ಲ. ಆದರೆ ನಮ್ಮ ಸಮುದ್ರ ತಣ್ಣೀರಿನದು, ಇಲ್ಲಿ ಅಂಥದ್ದು ಹುಟ್ಟುವುದಿಲ್ಲ ಎಂದೇ ಪುಸ್ತಕದಲ್ಲಿದೆ. ಹುಟ್ಟಿದರೆ ಹೆಸರಿಡುವುದು ಯಾರ ಕೆಲಸವೂ ಅಲ್ಲ. ಬೇರೆ ಸಮುದ್ರಗಳ ಬಿರುಗಾಳಿಗೆಲ್ಲ ಹೆಸರಿಡುವವರಿದ್ದಾರೆ, ನಮ್ಮದಕ್ಕಿಲ್ಲ.

ತಮಾಷೆ ಬಿಟ್ಟು ಕೇಳು. ಬಾವುಟ ಮೇಲಿರುವಾಗ ಹದಿನಾಲ್ಕು ದೋಣಿ ಹೊರಗೆ ಹೋದದ್ದಕ್ಕೆ ವಿಚಾರಣೆ ಶುರುವಾಗಿದೆ. ಅದು ಮಾಮೂಲಿ ಬಿರುಗಾಳಿ ಎಂದು ತೀರ್ಮಾನವಾದರೆ ತಪ್ಪು ನಿಮ್ಮದು. ಅಕ್ಟೋಬರಿನ ಹೊಸ ಋತುವಿಗೆ ಹದಿನಾಲ್ಕು ಜನಕ್ಕೂ ಪರವಾನಗಿ ಸಿಗುವುದಿಲ್ಲ. ಇನ್ನೊಂದು ಜಾತಿಯದು ಎಂದಾದರೆ ಅದನ್ನು ಯಾವ ಮೀನುಗಾರನೂ ಗುರುತಿಸಲಾಗದು, ಆದ್ದರಿಂದ ತಪ್ಪಿಲ್ಲ, ಪರಿಹಾರವೂ ಸಿಗುತ್ತದೆ. ವರದಿ ಬರೆಯುವ ಕೆಲಸ ನನಗೆ ಬಂದಿದೆ. ನಮ್ಮ ಮುಖ್ಯಸ್ಥ ದೊನ್ ಹೆರ್ಮೊಹೆನೆಸ್ ಈಗಾಗಲೇ ಮಾಮೂಲಿ ಎಂದು ನಿಶ್ಚಯಿಸಿಕೊಂಡಿದ್ದಾರೆ. ನಿಮ್ಮಲ್ಲಿ ವಿಮಾನ ಇಳಿಯುವ ಬಯಲಿನಲ್ಲಿದ್ದ ಗಾಳಿ ಅಳೆಯುವ ಯಂತ್ರ ಮೊದಲ ದಿನವೇ ಕೆಟ್ಟಿತು. ಕಣ್ಣಿನೊಳಗೆ ಇದ್ದವರು ನೀವು ಮಾತ್ರ.

ಎಲ್ಲರೂ ಸಾರ್ಜೆಂಟ್ ಬಳಿ ಹೇಳಿಕೆ ಬರೆಸಿ. ಗಾಳಿ ನಿಂತಾಗ ಎಲ್ಲಿದ್ದಿರಿ? ಊರಿನ ನಮ್ಮ ಅಡಿಗೆಮನೆಯ ವಾಯುಭಾರ ಮಾಪಕದ ಮುಳ್ಳು ಎಷ್ಟಕ್ಕಿಳಿಯಿತು? ದಯವಿಟ್ಟು ಬಣ್ಣ ಹಚ್ಚಬೇಡ ಚಿಕ್ಕಪ್ಪ, ಈ ಒಂದು ಸಲ.

ಆ ಬೆಳಿಗ್ಗೆ ಇಲ್ಲಿ ಏನಾಯಿತೆಂದು ಇನ್ನೊಮ್ಮೆ ಬರೆಯುತ್ತೇನೆ. ಈಗ ಕೆಲಸ ಬಹಳ.

ನಿನ್ನ
ಮಿರೆಯಾ

•

ಹ್ವಾನ್ ಫೆರ್ನಾಂದೆಸ್ ದ್ವೀಪ
ಮೇ ೩೦, ೨೦೧೬

ಮಗಳೇ,

ನೀನು ಹೇಳಿದಂತೆಯೇ ಆಯಿತು. ನಿನ್ನ ಕಾಗದವನ್ನು ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ಗಟ್ಟಿಯಾಗಿ ಓದಿದೆ. "ನಮ್ಮ ಹುಡುಗಿ ಬರೆದಿದ್ದಾಳೆ" ಎಂದು ಪ್ರತಿ ಸಾಲಿಗೂ ಸೇರಿಸಿದೆ.

ಹದಿನಾಲ್ಕು ಜನವೂ ಸ್ನಾನ ಮಾಡಿ, ಭಾನುವಾರದ ಅಂಗಿ ತೊಟ್ಟು, ಸಾರ್ಜೆಂಟ್ ಕೆಸಾದಾನ ಮೇಜಿನ ಮುಂದೆ ಸಾಲಾಗಿ ನಿಂತೆವು. ಅವನು ದ್ವೀಪದವನಲ್ಲ, ಖಂಡದ ಕಡೆಯವನು, ಇಲ್ಲಿಗೆ ಬಂದು ಬೇಸಿಗೆಯೊಂದಾಯಿತು, ಅಷ್ಟೆ.

"ಗಾಳಿ ನಿಂತಾಗ ಎಲ್ಲಿದ್ರಿ?"

"ಪಾದ್ರಿಯ ಬೆಂಚಿನ ನೀರಲ್ಲಿ, ದ್ವೀಪದ ಪೂರ್ವಕ್ಕೆ" ಎಂದೆ ನಾನು.

"ನೀವು?"

"ಪಾದ್ರಿಯ ಬೆಂಚು" ಎಂದ ಬೆಲಿಸಾರಿಯೊ, ಚರ್ಚಿನಲ್ಲಿ ಆಮೆನ್ ಎಂದ ಹಾಗೆ.

ಮೂರನೆಯವನೂ ಅಲ್ಲೇ ಇದ್ದ. ನಾಲ್ಕನೆಯವನೂ. ಸಾರ್ಜೆಂಟ್ ತಲೆ ಎತ್ತದೆ ಬರೆದುಕೊಂಡ. ಕೊನೆಗೆ, "ಅಲ್ಲಿ ಅಷ್ಟೊಂದು ಲಾಬ್ಸ್ಟರ್ ಸಿಗುತ್ತಾ?" ಎಂದು ಕೇಳಿದ. ಎಲ್ಲರೂ ಅಂಗಿಯ ಗುಂಡಿ ನೋಡಿಕೊಂಡರು. "ಗಾಳಿ ತಗೊಳ್ಳೋಕೆ ಹೋಗ್ತೀವಿ" ಎಂದೆ.

ಉಳಿದದ್ದೆಲ್ಲ ಸತ್ಯವನ್ನೇ ಬರೆಸಿದೆವು. ಸೆಕೆ, ದುಂಡನೆ ಮೋಡ, ಹಕ್ಕಿ, ದಕ್ಷಿಣದ ಗೋಡೆ. ಮಾಪಕದ ಮುಳ್ಳು ಕೆಳಗಿಳಿದು, ಇಳಿದು, ಅಂಕಿಗಳೆಲ್ಲ ಮುಗಿದು, ಒಂದು ಸುತ್ತು ತಿರುಗಿ ಮತ್ತೆ ಮೇಲಿಂದ ಬಂತು. ಒಂಬೈನೂರ ಐವತ್ತಕ್ಕಿಂತ ಕೆಳಗೆ ಎಂದು ಧೈರ್ಯವಾಗಿ ಬರೆದುಕೋ.

[ಅಂಚಿನಲ್ಲಿ, ಬೇರೆ ಕೈಬರಹ: ಮಿರೆಯಾ, ನಾನು ಚಿಕ್ಕಮ್ಮ. ಮುಳ್ಳು ನೋಡಿದ್ದು ನಾನು, ಇವರು ಸಮುದ್ರದಲ್ಲಿದ್ದರು. ೯೯೨. ಮಾಪಕದ ಗಾಜಿನ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆದಿದ್ದೇನೆ. ನೀನು ಊಟ ಸರಿಯಾಗಿ ಮಾಡು.]

ಉಬೆರ್ಲಿಂದಾ ಕಾಗದ ಕಸಿದುಕೊಂಡು ಏನೋ ಗೀಚಿದ್ದಾಳೆ, ಗಮನ ಕೊಡಬೇಡ.

ನಷ್ಟ ಎಷ್ಟು ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎರಡು ಬೋನು ಎಂದಿದ್ದೆ. ಎಣಿಸಿ ನೋಡಿದರೆ ಹನ್ನೆರಡೋ ಹದಿನೈದೋ. ಅದೇನು ದೊಡ್ಡದು? ನಾನು ಬೋನು ಹೆಣೆಯಲು ಕೂತರೆ ಕಾಡಿನ ಮರಗಳು ತಾವಾಗಿಯೇ ಬಾಗಿ ರೆಂಬೆ ಕೊಡುತ್ತವೆ.

ಒಂದು ಮಾತು. ಆ ಬೆಳಿಗ್ಗೆ ಹಕ್ಕಿಗಳು ಕಣ್ಣು ಮುಚ್ಚಿದ್ದು ಯಾಕೆ? ಅದೊಂದು ನನಗೆ ನಿದ್ದೆ ಕೊಡುತ್ತಿಲ್ಲ.

ಚಿಕ್ಕಪ್ಪ

•

ವಾಲ್ಪರೈಸೊ
ಜೂನ್ ೧೭, ೨೦೧೬

ಚಿಕ್ಕಪ್ಪ,

ನಿನ್ನೆ ವಿಚಾರಣಾ ಸಮಿತಿಯ ಮುಂದೆ ನಿಂತಿದ್ದೆ. ಈವತ್ತೂ ಕಿವಿ ಬಿಸಿಯಾಗಿಯೇ ಇದೆ.

ದೊಡ್ಡ ನಕ್ಷೆಯ ಮೇಲೆ ಹದಿನಾಲ್ಕು ಚುಕ್ಕೆ ಇಡಬೇಕಿತ್ತು. ಒಂದೇ ಚುಕ್ಕೆ ಇಟ್ಟೆ. ಹದಿನಾಲ್ಕು ಹೇಳಿಕೆಯೂ ಆ ಪಾದ್ರಿಯ ಬೆಂಚಿನ ಮೇಲೆಯೇ ಕೂತಿದ್ದವು. ದೊನ್ ಹೆರ್ಮೊಹೆನೆಸ್ ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮ್ಮೂರಿನೋರು ದೋಣಿ ಕಟ್ಟೋಕೆ ಸಮುದ್ರದ ಮಧ್ಯೆ ಗೂಟ ಹೊಡ್ದಿದ್ದಾರೇನಮ್ಮ?"

ಎಲ್ಲರೂ ನಕ್ಕರು. ಆಮೇಲೆ ಅವರು ನಗದೆ ಹೇಳಿದ ಮಾತು ಇನ್ನೂ ಕೆಟ್ಟದು. ಉಪಗ್ರಹದ ಚಿತ್ರದ ಪ್ರಕಾರ ಸುಳಿಯ ನಡು ಹಾದುಹೋದದ್ದು ದ್ವೀಪದ ಪಶ್ಚಿಮಕ್ಕೆ. ಪಾದ್ರಿಯ ಬೆಂಚು ಪೂರ್ವಕ್ಕೆ, ದ್ವೀಪದ ಆ ತುದಿಯಲ್ಲಿ. ಅಲ್ಲಿ ಗಾಳಿ ನಿಂತಿರಲು ಸಾಧ್ಯವೇ ಇಲ್ಲ. ಹಾಗಾದರೆ ನೀವು ಕಂಡದ್ದು ಕಣ್ಣಲ್ಲ, ಬೆಟ್ಟದ ಮರೆಯಲ್ಲಿ ಸ್ವಲ್ಪ ಹೊತ್ತು ಗಾಳಿ ತಗ್ಗಿದ್ದು, ಅಷ್ಟೆ. ಸೆಕೆ, ಹಕ್ಕಿ ಎಲ್ಲ ಹೆದರಿದವರ ಕಲ್ಪನೆ. ಚಿಕ್ಕಮ್ಮನ ೯೯೨ ಮಾಮೂಲಿ ಬಿರುಗಾಳಿಯಲ್ಲೂ ಬರಬಹುದಾದ ಅಂಕಿ. ಜುಲೈ ಕೊನೆಯಲ್ಲಿ ಕೊನೆಯ ಸಭೆ. ಅಲ್ಲಿ "ಮಾಮೂಲಿ" ಎಂದು ಬರೆದು ಮುಚ್ಚುತ್ತಾರೆ. ಹದಿನಾಲ್ಕು ದೋಣಿ ಅಕ್ಟೋಬರಿನಲ್ಲಿ ದಡದಲ್ಲೇ ಇರುತ್ತವೆ.

ಹದಿಮೂರಕ್ಕೇ ನಾನು ಹಾಸ್ಟೆಲಿಗೆ ಬಂದೆ. ಗಂಡಸರು ಸಮುದ್ರದಲ್ಲಿ ಎಲ್ಲಿ ಹೋಗುತ್ತಾರೆ ಎಂದು ಹುಡುಗಿಯರಿಗೆ ಯಾರೂ ಹೇಳಲಿಲ್ಲ. ಈಗ ಹೇಳು. ಪಾದ್ರಿಯ ಬೆಂಚಿನಲ್ಲಿ ನೀನು ನಿಜವಾಗಿ ಇದ್ದೆಯಾ?

ನಾನು ಕೇಳುವಾಗ ನಾನೂ ಹೇಳಬೇಕು. ಆ ಬೆಳಿಗ್ಗೆ ಪಾಳಿಯಲ್ಲಿದ್ದವಳು ನಾನೇ. ಪರದೆಯ ಮೇಲೆ ಮೋಡ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿತ್ತು, ನಡುವೆ ಸೂಜಿ ಚುಚ್ಚಿದಂತೆ ಒಂದು ತೂತು. ಓಡಿಹೋಗಿ ದೊನ್ ಹೆರ್ಮೊಹೆನೆಸ್‌ರನ್ನು ಕರೆತಂದೆ. "ನಮ್ಮ ಸಮುದ್ರದಲ್ಲಿ ಅದಿಲ್ಲ ಮಿರೆಯಾ. ಇಲ್ಲದ್ದನ್ನ ಬರೀಬೇಡ" ಎಂದರು. "ವಾಯುಭಾರ ಕುಸಿತ ದುರ್ಬಲಗೊಳ್ಳುತ್ತಿದೆ" ಎಂದು ನಾನು ಬರೆದೆ. ಅದು ನಿಮ್ಮ ರೇಡಿಯೊದಲ್ಲಿ ಬಂತು. ನೀನು ಅದನ್ನು ಕೇಳಿ ಹೋದೆಯಾ ಎಂದು ಒಂದು ತಿಂಗಳಿಂದ ಕೇಳಬೇಕೆಂದಿದ್ದೆ.

ಮಿರೆಯಾ

•

ಹ್ವಾನ್ ಫೆರ್ನಾಂದೆಸ್ ದ್ವೀಪ
ಜುಲೈ ೨, ೨೦೧೬

ಮಗಳೇ ಮಿರೆಯಾ,

ನಿನ್ನ ಕಾಗದವನ್ನು ದಕ್ಕೆಯ ಮೆಟ್ಟಿಲ ಮೇಲೆ ಕೂತು ಓದಿದೆ, ಈ ಸಲ ಗಟ್ಟಿಯಾಗಿ ಅಲ್ಲ. ನನ್ನ ಮುಖ ನೋಡಿ ಉಬೆರ್ಲಿಂದಾ, "ಯಾರು ಹೋದ್ರು?" ಎಂದು ಕೇಳಿದಳು.

ಪಾದ್ರಿಯ ಬೆಂಚಿನಲ್ಲಿ ನಾನಿರಲಿಲ್ಲ. ಯಾರೂ ಇರಲಿಲ್ಲ. ಅಲ್ಲಿ ನಮ್ಮಜ್ಜ ಹುಟ್ಟುವ ಮೊದಲೇ ಲಾಬ್ಸ್ಟರ್ ಖಾಲಿಯಾಗಿದೆ. ಅದು ಜಾಗವಲ್ಲ ಮಗಳೇ, ಒಂದು ಜವಾಬು. "ಎಲ್ಲಿಗೆ ಹೊರಟೆ?" ಎಂದು ಕೇಳಿದರೆ ಈ ದ್ವೀಪದ ಗಂಡಸು ಕೊಡುವ ಜವಾಬು. ಕೇಳಿದವನಿಗೂ ಅದು ಸುಳ್ಳೆಂದು ಗೊತ್ತು, ಹೇಳಿದವನಿಗೂ ಗೊತ್ತು. ಒಂದೊಂದು ಮನೆಗೂ ಲಾಬ್ಸ್ಟರ್ ಸಿಗುವ ಕಡೆಯ ತನ್ನದೇ ಗುರುತುಗಳಿರುತ್ತವೆ. ಈ ಕಡೆ ಎರಡು ಕಲ್ಲು ಒಂದರ ಹಿಂದೊಂದು ಬರಬೇಕು, ಆ ಕಡೆ ಎರಡು ಶಿಖರ ಕೂಡಬೇಕು, ಎರಡು ಗೆರೆ ಕೂಡಿದ ಕಡೆ ಬೋನು ಇಳಿಸಬೇಕು. ಅದನ್ನು ಹೆಂಡತಿಗೂ ಹೇಳುವುದಿಲ್ಲ. ಸಾಯುವಾಗ ಮಗನ ಕಿವಿಯಲ್ಲಿ ಹೇಳುತ್ತೇವೆ. ನಿಮ್ಮಪ್ಪ ಅತನಾಸಿಯೊಗೆ ಮಗನಿರಲಿಲ್ಲ, ನನ್ನ ಕಿವಿಯಲ್ಲಿ ಹೇಳಿದ, ಆಣೆಯನ್ನೂ ಹಾಕಿಸಿಕೊಂಡ.

ಸಾರ್ಜೆಂಟ್ ಕೇಳಿದಾಗ ಬಾಯಿ ತಾನಾಗಿಯೇ ಪಾದ್ರಿಯ ಬೆಂಚು ಎಂದಿತು. ನಮ್ಮ ಈ ಸಣ್ಣ ಸುಳ್ಳು ಕಡಲು ದಾಟಿ, ವಾಲ್ಪರೈಸೊದ ಮೆಟ್ಟಿಲು ಹತ್ತಿ, ನನ್ನ ಹುಡುಗಿಯ ಕೆನ್ನೆಗೆ ಹೊಡೆಯುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಆ ದಕ್ಷಿಣದ ಗೋಡೆ ಬಂದಾಗಲೂ ನನ್ನ ಎದೆ ಇಷ್ಟು ಒಡೆದಿರಲಿಲ್ಲ.

ಮೀನುಗಾರರ ಸಂಘದ ಮನೆಯಲ್ಲಿ ಹದಿನಾಲ್ಕು ಜನರನ್ನೂ ಸೇರಿಸಿದೆ. ಉಪಗ್ರಹದ ವಿಷಯ ಹೇಳಿದೆ. ನಿಜವಾದ ಜಾಗ ಬರೆಸಬೇಕು ಎಂದೆ. ಗೋಡೆಗೆ ಹೇಳಿದಂತಾಯಿತು.

"ಪರವಾನಗಿ ಹೋದ್ರೆ ಒಂದು ವರ್ಷ ಹೋಯ್ತು" ಎಂದ ಒಬ್ಬ. "ಗುರುತು ಹೋದ್ರೆ ಮೊಮ್ಮಕ್ಕಳ ಅನ್ನ ಹೋಯ್ತು."

"ಮೊದ್ಲು ನೀನು ಹೇಳೋ ದೊಡ್ಡಮನುಷ್ಯ" ಎಂದ ಇನ್ನೊಬ್ಬ. "ಬಾಯಿ ದೊಡ್ಡದಿದೆಯಲ್ಲ!"

ಎದ್ದು ನಿಂತೆ. ಹೇಳಿದೆ ಮಗಳೇ, ಎಲ್ಲರೂ ಕೇಳುವಂತೆ ಹೇಳಿದೆ. "ಯುಂಕೆ ಬೆಟ್ಟದ ಕತ್ತು ಕುದುರೆಕಲ್ಲಿನ ಮೇಲೆ ಕೂರಬೇಕು. ಇನ್ನೊಂದು ಕಡೆ ಸೀಳುಬಂಡೆಯ ಸಂದಿಯಲ್ಲಿ ಆಡುದ್ವೀಪದ ತುದಿ ಇಣುಕಬೇಕು. ಪಶ್ಚಿಮಕ್ಕೆ, ಆಳದ ಅಂಚಿನಲ್ಲಿ. ಅಲ್ಲಿದ್ದೆ ನಾನು." ಅತನಾಸಿಯೊನ ಗುರುತು ಗಾಳಿಗೆ ಹೋಯಿತು.

ಬೆಲಿಸಾರಿಯೊ ಹಲ್ಲು ಕಡ್ಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ.

"ಅದಾ? ಅದು ನಂಗೆ ಇಪ್ಪತ್ತು ವರ್ಷದಿಂದ ಗೊತ್ತು."

ನಾನು ಅವನ ಕಡೆ ತಿರುಗಿದೆ. "ಗೊತ್ತಿದ್ದೂ ಒಂದು ಬೋನೂ ಹಾಕಲಿಲ್ಲವಾ?"

"ಅದು ನಿಮ್ಮನೇದಲ್ವೇನೋ, ಕತ್ತೆ."

ಮೂಲೆಯಿಂದ ಇನ್ನಿಬ್ಬರು ಗೊತ್ತು ಗೊತ್ತು ಎಂದು ತಲೆಯಾಡಿಸಿದರು. ಈ ದ್ವೀಪದಲ್ಲಿ ಯಾರ ಗುರುತು ಯಾರಿಗೆ ಗೊತ್ತಿಲ್ಲವೋ ದೇವರೇ ಬಲ್ಲ. ಇಷ್ಟು ವರ್ಷ ನಾನು ದೀಪ ಆರಿಸಿಕೊಂಡು, ಸುತ್ತು ಬಳಸಿ ಹೋಗಿದ್ದನ್ನೆಲ್ಲ ಇವರು ನೋಡುತ್ತಾ ಕೂತಿದ್ದರು!

ಬೆಲಿಸಾರಿಯೊ ಎದ್ದು ಪ್ಯಾಂಟು ಮೇಲೆಳೆದುಕೊಂಡು ಸಾರ್ಜೆಂಟನ ಕೋಣೆಗೆ ನಡೆದ, ಹಿಂದೆ ಬಾಗಿಲು ಹಾಕಿಕೊಂಡ. ಅವನು ಹೊರಬಂದ ಮೇಲೆ ಮುಂದಿನವನು ಹೋದ. ಹದಿನಾಲ್ಕು ಜನ, ಒಬ್ಬೊಬ್ಬರಾಗಿ, ಪಾಪನಿವೇದನೆಗೆ ಹೋದ ಹಾಗೆ. ಸಾರ್ಜೆಂಟ್ ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಬಂದ. "ಮೊದಲು ಬರೆದದ್ದೇನು ಹಾಗಾದ್ರೆ?" ಎಂದ. "ಅದು ಮರ್ಯಾದೆಗೆ" ಎಂದೆವು.

ಹೊಸ ಹೇಳಿಕೆಗಳು ಇದರ ಜೊತೆಗಿವೆ. ಯಾರಿದ್ದ ಕಡೆ ಗಾಳಿ ನಿಂತಿತು, ಯಾರಿದ್ದ ಕಡೆ ನಿಲ್ಲದೆ ಬರೀ ದಿಕ್ಕು ತಿರುಗಿತು, ಎಲ್ಲ ಬೇರೆ ಬೇರೆ ಬರೆದಿದೆ.

ಇನ್ನು ನನ್ನದು. ಬೆಲಿಸಾರಿಯೊನನ್ನು ನಾನು ಎಳೆದುಕೊಂಡು ಬರಲಿಲ್ಲ. ಗೋಡೆ ಬಡಿದಾಗ ಎಂಜಿನ್ ಕಿತ್ತು ನೀರಿಗೆ ಹೋಯಿತು. ನಾನು ಕಾರ್ಮೆಲಾಳ ಹಲಗೆಗೆ ಸೊಂಟ ಕಟ್ಟಿಕೊಂಡು ಉತ್ತರಕ್ಕೆ ತೇಲುತ್ತಿದ್ದೆ, ಅಮ್ಮನನ್ನು ಕೂಗುತ್ತಿದ್ದೆ. ನನ್ನ ಅಮ್ಮ ಸತ್ತು ಎಷ್ಟು ಕಾಲವಾಯಿತು! ಅವನು ಬಂದು ಹಗ್ಗ ಎಸೆದ. ದಡದವರೆಗೆ ಬೈಯುತ್ತಲೇ ಎಳೆದುಕೊಂಡು ಬಂದ.

ನಿನ್ನ ಪ್ರಶ್ನೆಗೆ ಜವಾಬು. ಹೌದು, ರೇಡಿಯೊ ಕೇಳಿದೆ. "ದುರ್ಬಲಗೊಳ್ಳುತ್ತಿದೆ" ಎಂದಿತು. ಆದರೆ ಅಷ್ಟು ಹೊತ್ತಿಗೆ ಉತ್ತರ ಸತ್ತಿತ್ತು, ನನ್ನ ಒಂದು ಕಾಲು ದೋಣಿಯಲ್ಲಿತ್ತು. ನೀನು "ಭೂಮಿ ಬಿರಿಯುತ್ತದೆ" ಎಂದು ಬರೆದಿದ್ದರೂ ಇನ್ನೊಂದು ಕಾಲನ್ನು ಎತ್ತಿ ಇಡುತ್ತಿದ್ದೆ. ನನ್ನನ್ನು ನೀನು ಬಲ್ಲೆ. ಇದರಲ್ಲಿ ಬಣ್ಣವಿಲ್ಲ.

ಚಿಕ್ಕಪ್ಪ

•

ವಾಲ್ಪರೈಸೊ
ಆಗಸ್ಟ್ ೯, ೨೦೧೬

ಚಿಕ್ಕಪ್ಪ,

ಹದಿನಾಲ್ಕು ಚುಕ್ಕೆ ಇಟ್ಟೆ. ಗಾಳಿ ನಿಂತ ಕಡೆಗೆ ಕೆಂಪು, ಗಾಳಿ ಬರೀ ದಿಕ್ಕು ತಿರುಗಿದ ಕಡೆಗೆ ನೀಲಿ. ಕೆಂಪು ಚುಕ್ಕೆಗಳೆಲ್ಲ ಪಶ್ಚಿಮದಲ್ಲಿ ಒಂದು ಬಟ್ಟಲಿನೊಳಗೆ ಬಿದ್ದವು. ಅದರ ಮೇಲೆ ಉಪಗ್ರಹದ ಚಿತ್ರ ಹಾಸಿದೆ. ಆ ತೂತು ಬಂದು ಬಟ್ಟಲಿನ ಮೇಲೆ ಸರಿಯಾಗಿ ಕೂತಿತು.

ದೊನ್ ಹೆರ್ಮೊಹೆನೆಸ್ ಎದ್ದು ನಕ್ಷೆಯ ಹತ್ತಿರ ಬಂದರು. ಚಿತ್ರ ತೆಗೆಸಿದರು, ಮತ್ತೆ ಹಾಸಿಸಿದರು. ನನ್ನ ಕಡೆ ತಿರುಗಿ, "ಇವರು ಇದರೊಳಗೆ ಕೂತಿದ್ರಾ? ಮರದ ದೋಣಿಯಲ್ಲಿ?" ಎಂದರು. ಹೌದು ಎಂದೆ. ಕೊನೆಗೆ, ಯಾರಿಗೂ ಅಲ್ಲದಂತೆ, "ಬರೀಬೇಡ ಅಂದೆನಲ್ಲ ನಾನು" ಎಂದರು. ಬರೆದ ಕೈ ನನ್ನದು ಎಂದು ನನಗೂ ಅನ್ನಿಸಿತು.

ವರದಿಯಲ್ಲಿ "ಉಪೋಷ್ಣವಲಯದ ಬಿರುಗಾಳಿ" ಎಂದು ಬಂದಿದೆ. ನಮ್ಮ ದಾಖಲೆಯಲ್ಲಿ "ಇಲ್ಲ" ಎಂದಿದ್ದ ಕಡೆ ಈಗ "ಒಂದು" ಎಂದಿದೆ. ಹೆಸರಿನ ಕಡೆ ಖಾಲಿ. ಎಲ್ಲೋ ದೂರದ ದೇಶದ ಹವಾಮಾನ ಹವ್ಯಾಸಿಗಳು ತಾವೇ ಒಂದು ಹೆಸರಿಟ್ಟು ಕರೆಯುತ್ತಿದ್ದಾರಂತೆ, ನಾವು ಬರೆದುಕೊಳ್ಳುವಂತಿಲ್ಲ. ನಿಮ್ಮ ಗುರುತುಗಳನ್ನು ಅಚ್ಚಿಗೆ ಕೊ‍ಡಲಿಲ್ಲ. ಅಚ್ಚಾದ ನಕ್ಷೆಯಲ್ಲಿ ಒಂದು ಬೂದು ಛಾಯೆ ಮಾತ್ರ ಇದೆ.

ಹಕ್ಕಿಗಳು ಕಣ್ಣು ಮುಚ್ಚಿದ್ದು ದಣಿವಿಗೆ. ಉತ್ತರದ ಬಿಸಿ ಸಮುದ್ರದಿಂದ ಸುಳಿಯ ನಡುವೆ ಸಿಕ್ಕಿಕೊಂಡು, ಹೊರಬರಲಾಗದೆ, ಅದರ ಜೊತೆಗೇ ಅಷ್ಟು ದೂರ ಹಾರಿಬಂದಿದ್ದವು.

ಅಕ್ಟೋಬರಿಗೆ ಪರವಾನಗಿ ಹದಿನಾಲ್ಕು ಜನಕ್ಕೂ ಇದೆ. ಪರಿಹಾರದ ಅರ್ಜಿ ಸಾರ್ಜೆಂಟ್‌ಗೆ ಬರುತ್ತದೆ. ಆದದ್ದನ್ನು ಆದಷ್ಟೇ ಬರೆಸು. ಎಂಜಿನ್ ಹೋದದ್ದು ನನಗೆ ಗೊತ್ತಾದದ್ದು ನಿನ್ನ ಕೊನೆಯ ಕಾಗದದಿಂದ. ಇನ್ನೇನು ಹೋಗಿದೆ?

ಮಿರೆಯಾ

•

ಹ್ವಾನ್ ಫೆರ್ನಾಂದೆಸ್ ದ್ವೀಪ
ಆಗಸ್ಟ್ ೨೮, ೨೦೧೬

ಮಗಳೇ,

ವರದಿಯ ಸುದ್ದಿ ಬಂದ ದಿನ ದೊಡ್ಡ ಪಾತ್ರೆ ಇಟ್ಟು ಮೀನಿನ ಸಾರು ಮಾಡಿದೆವು. ವೈನ್ ತೆರೆದೆವು. ಕುಣಿತವಿರಬೇಕಿತ್ತು, ಆದರೆ ಯಾರೂ ಕುಣಿಯಲಿಲ್ಲ. "ಅಂದ್ರೆ ಅದು ನಿಜವಾಗ್ಲೂ ಬಂದಿತ್ತು" ಎಂದು ಬೆಲಿಸಾರಿಯೊ ಹೇಳಿದ, ಅಷ್ಟೆ. ಎಲ್ಲರೂ ಪಶ್ಚಿಮದ ಕಡೆ ನೋಡುತ್ತಾ ತಿಂದರು. ಇನ್ನು ಮುಂದೆ ಉತ್ತರ ಸತ್ತರೆ ಏನು ಮಾಡಬೇಕೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಮರುದಿನ ಅರ್ಜಿಗೆ ಸಾಲು. ಸಾರ್ಜೆಂಟ್ ಈಗ ನಮ್ಮವನೇ ಆಗಿಬಿಟ್ಟಿದ್ದಾನೆ, ಕಣ್ಣು ಮಿಟುಕಿಸಿ ಹೇಳಿದ. "ಸ್ವಲ್ಪ ಜಾಸ್ತಿ ಬರೆಸಿ, ಅವರು ಹೇಗೂ ಅರ್ಧ ಕಡಿತಾರೆ." ಬೆಲಿಸಾರಿಯೊ ತನ್ನ ದೋಣಿಗಿಂತ ದೊಡ್ಡ ಎಂಜಿನ್ ಬರೆಸಿದ. ಇನ್ನೊಬ್ಬ, ಮುಂದಿನ ವರ್ಷ ಹಿಡಿಯಬೇಕೆಂದಿದ್ದ ಲಾಬ್ಸ್ಟರುಗಳನ್ನೂ ಸೇರಿಸಿದ. ನನ್ನ ಸರದಿ ಬಂದಾಗ ಎಲ್ಲರೂ ಕುರ್ಚಿ ಹತ್ತಿರ ಎಳೆದುಕೊಂಡರು. ಎಲೆಯೊಡೊರೊ ಏನು ಬರೆಸುತ್ತಾನೋ, ದೇಶದ ಬೊಕ್ಕಸ ಉಳಿಯುತ್ತೋ ಇಲ್ಲವೋ ಎಂದು.

ನಷ್ಟದ ವಿಷಯ ನಿನಗೆ ಸುಳ್ಳು ಹೇಳಿದ್ದು ಯಾಕೆಂದರೆ, ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ನಿಜ ಹೇಳಿದ್ದರೆ ತಿಂಗಳು ತಿಂಗಳು ನಿನ್ನ ಬ್ರೆಡ್ಡಿನ ದುಡ್ಡು ಇಲ್ಲಿಗೆ ಬರುತ್ತಿತ್ತು. ಉಬೆರ್ಲಿಂದಾಳಿಗೂ ಪೂರ್ತಿ ಹೇಳಿರಲಿಲ್ಲ. ಆ ಮಧ್ಯಾಹ್ನ ಮನೆಗೆ ಬಂದು ಮೊದಲು ಅವಳಿಗೆ ಹೇಳಿದೆ. ಅವಳು ಬಾಣಲೆ ಕೆಳಗಿಟ್ಟು ಕೂತಳು. ಈಗ ನಿನಗೆ ಹೇಳುತ್ತಿದ್ದೇನೆ.

ನಾನು ಆದದ್ದನ್ನು ಆದಷ್ಟೇ ಬರೆಸಿದ್ದು ಓದಿ ಸಾರ್ಜೆಂಟ್ ತಲೆಯೆತ್ತಿದ. "ಏನ್ರೀ, ಮೈ ಹುಷಾರಿಲ್ವಾ?" ಎಂದ. ಬೆಲಿಸಾರಿಯೊ ನನ್ನ ಹೆಗಲ ಮೇಲಿಂದ ಬಗ್ಗಿ ಅಂಕಿ ನೋಡಿ, ತನ್ನ ಅರ್ಜಿ ವಾಪಸು ಕೇಳಿದ, ಎಂಜಿನ್ ತಿದ್ದಲು.

ಬೋನುಗಳು ಹೋದವು. ಹನ್ನೆರಡಲ್ಲ, ಹದಿನೈದಲ್ಲ, ಇದ್ದಷ್ಟೂ. ಎಂಜಿನ್ ಹೋಯಿತು. ಹಡಗಿಗೆ ಕಾಯುತ್ತಾ ಕೊಲ್ಲಿಯ ತೇಲುಪೆಟ್ಟಿಗೆಯಲ್ಲಿದ್ದ ಇಡೀ ಋತುವಿನ ಲಾಬ್ಸ್ಟರುಗಳೆಲ್ಲ ಪೆಟ್ಟಿಗೆಯ ಸಮೇತ ಹೋದವು. ಕಾರ್ಮೆಲಾಳ ಎಡಪಕ್ಕೆ ಒಡೆದಿದೆ, ಹೊಸ ಮರ ಬೇಕು. ಒಟ್ಟು ಮಾಡಿದರೆ ತೊಂಬತ್ತೊಂದು ಲಕ್ಷದ ನಲವತ್ತು ಸಾವಿರ ಪೆಸೊ.

ಚಿಕ್ಕಪ್ಪ
ಎಲೆಯೊಡೊರೊ